‘ಲೇಸರ್ ಅಂದ್ರೆ ಎಲ್ಲಾ ಒಂದೇ ಸರ್’ ಅಂದ್ರು, ನಾನೂ ನಂಬಿದೆ

ನನ್ನ ಡಿಸ್ಚಾರ್ಜ್ ಕಾರ್ಡ್‌ನಲ್ಲಿ ‘ಮೈಕ್ರೋಕೆರಟೋಮ್’ ಅಂತ ಒಂದು ಪದ ಇತ್ತು. ಅದರ ಅರ್ಥ ಗೊತ್ತಾಗಿದ್ದು ಕನ್ನಡಕ ಬಿಡಿಸೋ ಲಾಸಿಕ್ ಆಪರೇಷನ್ ಆಗಿ ನಾಲ್ಕು ತಿಂಗಳಾದ ಮೇಲೆ. ಬ್ಲೇಡ್ ಇರುವ ಮಷಿನ್ ಅದು. ನನಗೆ ಹೇಳಿದ್ದು ಮಾತ್ರ ‘ಬ್ಲೇಡ್ ಮುಟ್ಟೋದೇ ಇಲ್ಲ, ಪೂರ್ತಿ ಲೇಸರ್’ ಅಂತ.

ನಾನು ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಎರಡೂ ಕಣ್ಣಿಗೆ ಮೈನಸ್ 6. ಮೆಕ್ಕೆಜೋಳ ಬರೋ ಕಾಲದಲ್ಲಿ ಗಂಟೆಗೊಮ್ಮೆ ಕನ್ನಡಕ ಒರೆಸಬೇಕು, ಅಷ್ಟು ಧೂಳು. ಅದಕ್ಕೇ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದೆ. ಸಂಜೆ ಹೊತ್ತಿಗೆ ಕಣ್ಣಿಗೆ ಮರಳು ಎರಚಿದಂತೆ ಆಗುತ್ತಿತ್ತು. ಜೊತೆಗೆ ಮನೇಲಿ ಹೆಣ್ಣು ನೋಡೋಕೆ ಶುರು ಮಾಡಿದ್ದರು. ‘ಸೋಡಾಬುಡ್ಡಿ ತೆಗೆಸಪ್ಪ ಮೊದಲು’ ಅಂತ ಅಕ್ಕನ ಕಾಟ ಬೇರೆ. ಆಗಲೇ ಒಂದು ಆಸ್ಪತ್ರೆಯ ಆಫರ್ ಮೊಬೈಲ್‌ಗೆ ಬಂತು. ಎರಡೂ ಕಣ್ಣಿಗೆ ಸೇರಿ 28,000.

ಹೋದೆ. ಲೆನ್ಸ್ ತೆಗೆದು ಎರಡೇ ದಿನ ಆಗಿತ್ತು. ಮೆತ್ತನೆ ಲೆನ್ಸ್ ಆದ್ರೂ ಒಂದೆರಡು ವಾರ ಬಿಟ್ಟು ಅಳತೆ ತೆಗೆಯಬೇಕಂತೆ, ಇಲ್ಲದಿದ್ದರೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಆಕಾರವೇ ತಪ್ಪು ತೋರಿಸಬಹುದು. ಅವರು ಕೇಳಲೇ ಇಲ್ಲ. ಡಾಕ್ಟರು ಎರಡು ನಿಮಿಷ ನೋಡಿದರು. ಮಿಕ್ಕಿದ್ದೆಲ್ಲ ಕೌನ್ಸೆಲರ್ ಹುಡುಗಿಯೇ ಮಾತಾಡಿದ್ದು. ನಾಡಿದ್ದಿನ ಒಳಗೆ ಮಾಡಿಸಿದರೆ ಮಾತ್ರ ಈ ರೇಟು ಅಂದರು. ಈರುಳ್ಳಿ ವ್ಯಾಪಾರ ಮಾಡೋರೂ ಇದಕ್ಕಿಂತ ಜಾಸ್ತಿ ಹೊತ್ತು ಕೊಡ್ತಾರೆ.

ಆಪರೇಷನ್ ನಡೆದದ್ದು ಹೀಗೆ. ಮರಗಟ್ಟಿಸೋ ಡ್ರಾಪ್ಸ್ ಹಾಕಿ, ಕಣ್ಣಿನ ಮೇಲೆ ಒಂದು ಬಳೆ ಒತ್ತಿದರು. ಪೂರ್ತಿ ಕತ್ತಲು. ಕ್ಷೌರದ ಅಂಗಡಿಯ ಮಷಿನ್ ತರ ‘ಝ್ಝ್’ ಅಂತ ಶಬ್ದ ಬಂತು. ಆಮೇಲೆ ಮಸುಕು ಮಸುಕಾಗಿ ಒಂದು ದೀಪ, ಟಕಟಕ ಸದ್ದು, ಕೂದಲು ಸುಟ್ಟಂಥ ವಾಸನೆ. ಆ ಟಕಟಕವೇ ಲೇಸರ್. ಅದಕ್ಕೂ ಮುಂಚಿನ ‘ಝ್ಝ್’ ಬ್ಲೇಡ್‌ನದು. ಈಗ ಗೊತ್ತು.

ಮಾರನೇ ದಿನ ಗೋಡೆಯ ಕ್ಯಾಲೆಂಡರ್ ಬರಿಗಣ್ಣಲ್ಲಿ ಓದಿದೆ. ಸುಳ್ಳು ಹೇಳಲ್ಲ, ಕಣ್ಣಲ್ಲಿ ನೀರು ಬಂತು. ಆಮೇಲೆ ನೀರು ಬರೋದೇ ಕಮ್ಮಿ ಆಯ್ತು. ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತದೆ. ಎರಡು ಗಂಟೆಗೊಮ್ಮೆ ಡ್ರಾಪ್ಸ್. ರಾತ್ರಿ ಬೈಕ್‌ನಲ್ಲಿ ಚಿತ್ರದುರ್ಗಕ್ಕೆ ಅಕ್ಕನ ಮನೆಗೆ ಹೊರಟೆ. ಎದುರಿನ ಲಾರಿಯ ಒಂದೊಂದು ಲೈಟೂ ಸೂಜಿ ಸೂಜಿಯಾಗಿ ಒಡೆದು ರಸ್ತೆ ತುಂಬಾ ಹರಡುತ್ತಿತ್ತು. ದುರ್ಗದ ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪಕ್ಕೂ ಸುತ್ತ ಉಂಗುರ. ಮುಂದೆ ಹೋಗೋ ಧೈರ್ಯ ಬರಲಿಲ್ಲ, ಬೈಕ್ ಡಾಬಾದಲ್ಲಿ ನಿಲ್ಲಿಸಿ ಬಸ್ ಹತ್ತಿದೆ.

ಕೊನೆಗೆ ಬೆಂಗಳೂರಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆ. ಅವರು ಹಳೇ ರಿಪೋರ್ಟ್ ಇಟ್ಟುಕೊಂಡು ಪೆನ್ನಲ್ಲಿ ಲೆಕ್ಕ ಹಾಕಿ ತೋರಿಸಿದರು. ಲೆಕ್ಕದವನಿಗೆ ಲೆಕ್ಕದಲ್ಲೇ ಹೇಳಿದರೆ ಬೇಗ ಅರ್ಥ ಆಗುತ್ತೆ ನೋಡಿ. ನನ್ನ ಕಾರ್ನಿಯಾ ದಪ್ಪ 502 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಸಾಮಾನ್ಯವಾಗಿ 540ರ ಆಸುಪಾಸು ಇರುತ್ತದೆ. ಲಾಸಿಕ್‌ನಲ್ಲಿ ಮೊದಲು ಮೇಲಿನ ಪದರ ಸೀಳಿ ಬಾಗಿಲಂತೆ ತೆರೆಯಬೇಕು, ಅದೇ ಫ್ಲಾಪ್. ನನ್ನದು 150 ಮೈಕ್ರಾನ್. ನಂಬರ್ ಇಳಿಸೋಕೆ ಸುಟ್ಟಿದ್ದು 80 ಹತ್ತಿರ. ಉಳಿದದ್ದು 272. ಕನಿಷ್ಠ 250 ಇರಲೇಬೇಕು, 300 ಇದ್ದರೆ ನೆಮ್ಮದಿ. ಅಂದರೆ ನಾನು ಬಾರ್ಡರ್ ಪಾಸ್. ಜಾಸ್ತಿ ತೆಳ್ಳಗಾದರೆ ಕಾರ್ನಿಯಾ ಮುಂದಕ್ಕೆ ಉಬ್ಬಿಬಿಡಬಹುದು. ತೆಳ್ಳಗಿದೆ ಅಂತ ಲೇಸರ್ ಹೊಡೆಯುವ ಅಗಲವನ್ನೂ ಚಿಕ್ಕದು ಮಾಡಿದ್ದರು. ಕತ್ತಲಲ್ಲಿ ನನ್ನ ಪಾಪೆ ಅದಕ್ಕಿಂತ ದೊಡ್ಡದಾಗುತ್ತೆ. ದೀಪ ಒಡೆದು ಕಾಣೋಕೆ ಅದೂ ಒಂದು ಕಾರಣ ಇರಬಹುದು ಅಂದರು.

ಫ್ಲಾಪ್ ಸೀಳುವಾಗ ಕಾರ್ನಿಯಾದ ನರಗಳೂ ಕತ್ತರಿಸಿಹೋಗುತ್ತವೆ, ಕಣ್ಣು ಒಣಗೋದು ಅದಕ್ಕೇ. ಫ್ಲಾಪನ್ನು ಬ್ಲೇಡ್ ಬದಲು ಫೆಮ್ಟೋ ಅನ್ನೋ ಲೇಸರ್‌ನಲ್ಲಿ ಮಾಡಿದರೆ ಇನ್ನೂ ತೆಳ್ಳಗೆ, 100–120ಕ್ಕೆ ಮುಗಿಸಬಹುದಂತೆ, ಆದರೂ ನರ ಕತ್ತರಿಸೋದು ತಪ್ಪಲ್ಲ. ‘ಸ್ಮೈಲ್’ ಅನ್ನೋ ಇನ್ನೊಂದು ಆಪರೇಷನ್‌ನಲ್ಲಿ ಫ್ಲಾಪ್ ಇಲ್ಲ. ಒಳಗೇ ಒಂದು ತೆಳು ಬಿಲ್ಲೆ ಕೊರೆದು 2–4 ಮಿಲಿಮೀಟರ್ ಸೀಳಿನಿಂದ ಎಳೆದು ತೆಗೆಯುತ್ತಾರೆ. ಒಣಗೋದು ಕಮ್ಮಿ, ದುಡ್ಡು ಜಾಸ್ತಿ. ಪಿಆರ್‌ಕೆ ಅನ್ನೋ ವಿಧಾನ ಇವೆಲ್ಲಕ್ಕಿಂತ ಹಳೇದು. ಮೇಲಿನ ಸಿಪ್ಪೆಯಂಥ ಪದರ ಕೆರೆದು ನೇರ ಲೇಸರ್ ಹೊಡೆಯೋದು, ಆ ಪದರ ತಾನೇ ಬೆಳೆಯುತ್ತದೆ. ಮೂರ್ನಾಲ್ಕು ದಿನ ಜೀವ ಹೋಗುವ ಉರಿ, ದೃಷ್ಟಿ ತಿಳಿಯಾಗೋಕೆ ವಾರಗಳು ಬೇಕು. ಆದರೆ ಫ್ಲಾಪ್‌ಗೆ ಹೋದ ದಪ್ಪ ಉಳಿಯುತ್ತಿತ್ತು. ಈ ಹೆಸರನ್ನೇ ಯಾರೂ ನನ್ನ ಮುಂದೆ ಎತ್ತಿರಲಿಲ್ಲ.

ಕೆಳರೆಪ್ಪೆಗೆ ಒಂದು ಪೇಪರ್ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟರು. ನೆನೆದದ್ದು 6 ಮಿಲಿಮೀಟರ್. 10ಕ್ಕಿಂತ ಕಮ್ಮಿ ಇದ್ದರೆ ಒಣಕಣ್ಣಿನ ಅನುಮಾನ. ಮೊದಲೇ ಹೀಗಿತ್ತಾ, ಆಮೇಲೆ ಆಯ್ತಾ? ಹೇಳೋಕೆ ಯಾರಿಂದಲೂ ಆಗಲ್ಲ. ಆಪರೇಷನ್‌ಗೆ ಮುಂಚೆ ಯಾರೂ ಈ ಪಟ್ಟಿ ಇಟ್ಟಿರಲೇ ಇಲ್ವಲ್ಲ.

ಆಸ್ಪತ್ರೆಗೆ ವಾಪಸ್ ಹೋಗಿ ಕೇಳಿದೆ. ‘ಸಹಿ ಹಾಕಿದ ಫಾರಂನಲ್ಲಿ ಎಲ್ಲಾ ಬರೆದಿತ್ತಲ್ವಾ ಸರ್’ ಅಂದರು. ಬರೆದಿತ್ತು. ಆರು ಪುಟ, ಇಂಗ್ಲಿಷ್‌ನಲ್ಲಿ, ಡ್ರಾಪ್ಸ್ ಹಾಕಿ ಕಣ್ಣು ಮಂಜಾದ ಮೇಲೆ ಕೈಗೆ ಕೊಟ್ಟಿದ್ದರು.

ಇದನ್ನು ಬರೆಯೋಕೆ ಕೂತಿದ್ದು ಚಿಕ್ಕಪ್ಪನ ಮಗನಿಂದ. ಕಬಡ್ಡಿ ಆಡೋ ಹುಡುಗ. ಅದೇ ಆಫರ್‌ಗೆ 5,000 ಅಡ್ವಾನ್ಸ್ ಕಟ್ಟಿ ಬಂದಿದ್ದ. ಮುಖಕ್ಕೆ ಮೊಣಕೈ ಬಿದ್ದರೆ ವರ್ಷಗಳಾದ ಮೇಲೂ ಫ್ಲಾಪ್ ಜರುಗಬಹುದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಈಗ ಲೆನ್ಸ್ ಬಿಡಿಸಿ ಹಳೇ ಕನ್ನಡಕ ಹಾಕಿಸಿದ್ದೇನೆ. ಎರಡು ವಾರ ಕಳೆದ ಮೇಲೆ ಬೇರೆ ಕಡೆ ಕಾರ್ನಿಯಾ ಮ್ಯಾಪ್, ದಪ್ಪ, ಪಾಪೆಯ ಅಳತೆ, ಪೇಪರ್ ಪಟ್ಟಿ ಎಲ್ಲಾ ಮಾಡಿಸಬೇಕು. ‘ಅಣ್ಣಾ, ಅಡ್ವಾನ್ಸ್ ವಾಪಸ್ ಕೊಡಲ್ಲ ಅಂತಾರೆ’ ಅಂತ ಮುಖ ಸಣ್ಣ ಮಾಡಿಕೊಂಡಿದ್ದ. ಹೋಗ್ಲಿ ಬಿಡು, ನಾನು ಕೊಡ್ತೀನಿ ಅಂದೆ.