ಹನ್ನೊಂದು ಮಳೆಗಾಲ ಕಂಡ ನನ್ನ ಮಾರುತಿ 800: ಕೈಯಾರೆ ರಿಪೇರಿಯ ಅನುಭವ

ಮಾರುತಿ 800 ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ನಾನು ಅದನ್ನು ಕೊಂಡಿದ್ದು ಅದೇ ವರ್ಷ ಮಾರ್ಚ್‌ನಲ್ಲಿ. "ಅಂಗಡಿ ಬಾಗಿಲು ಹಾಕಿದ ಮೇಲೆ ಸಾಮಾನಿಗೆ ಹೋಗೋನು ನೀನೊಬ್ಬನೇ ಮಾರಾಯಾ" ಅಂತ ಭಾವ ನಕ್ಕಿದ್ದರು.

ನನ್ನದು 2004ರ ಮಾಡೆಲ್, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವುದು), ಕೆಎ-18 ನಂಬರ್. ತಂದಾಗ 62 ಸಾವಿರ ಕಿಲೋಮೀಟರ್ ಓಡಿತ್ತು, ಈಗ 1,38,000 ದಾಟಿದೆ. ನಮ್ಮ ಮನೆ ಆಲ್ದೂರಿನ ಹತ್ತಿರ. ಚಿಕ್ಕಮಗಳೂರು ಪೇಟೆಗೆ ಓಡಾಟ, ಆಗಾಗ ಬಾಳೆಹೊನ್ನೂರು, ವರ್ಷಕ್ಕೆ ಎರಡು ಮೂರು ಸಲ ಚಾರ್ಮಾಡಿ ಘಾಟಿ ಇಳಿದು ಕರಾವಳಿ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಇಷ್ಟಕ್ಕೆ ಸಾಕಾ ಅಂತ ಕೇಳುವವರಿಗೆ ಒಂದೇ ಉತ್ತರ: ನಾಲ್ಕು ಜನ ಕೂತು ಏರು ಹತ್ತಿಸುವಾಗ ಎರಡನೇ ಗೇರಿನಲ್ಲಿ ನಾಚಿಕೆ ಇಲ್ಲದೆ ಕೂರಬೇಕು. ಉಳಿದಂತೆ ಸಾಕು. ಎಂಜಿನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಯಾಕಂದ್ರೆ ಅದು ನನಗೆ ಕೆಲಸ ಕೊಟ್ಟಿದ್ದೇ ಕಡಿಮೆ. ಕೆಲಸ ಕೊಟ್ಟಿದ್ದೆಲ್ಲ ನೀರು.

ಮೊದಲ ಮಳೆಗಾಲದಲ್ಲೇ ಮುಂದಿನ ಎಡಗಡೆ ಸೀಟಿನ ಕಾಲಬುಡದಲ್ಲಿ ನೀರು ನಿಂತಿತು. ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್) ಹೋಗಿದೆ ಅಂತ ಒಂದು ಗ್ಯಾರೇಜಿನಲ್ಲಿ ನಾಲ್ಕೂ ಬಾಗಿಲಿಗೆ ಹೊಸದು ಹಾಕಿ 2,800 ರೂಪಾಯಿ ತೆಗೆದುಕೊಂಡರು. ನೀರು ಬರುತ್ತಲೇ ಇತ್ತು. ಒಂದು ಭಾನುವಾರ ಮಗಳ ಕೈಗೆ ಟಾರ್ಚ್ ಕೊಟ್ಟು ಒಳಗೆ ಕೂರಿಸಿದೆ, ನಾನು ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟೆ. ಬಾಗಿಲಿಗೆ ಬಿಟ್ಟರೆ ಏನೂ ಇಲ್ಲ. ಮುಂದಿನ ಗಾಜಿನ ಬುಡದ ಜಾಲರಿಗೆ ಬಿಟ್ಟಿದ್ದೇ ತಡ, "ಬಂತು ಅಪ್ಪಾ, ಬಂತು!" ಅಂತ ಕೂಗಿದಳು.

ಜಾಲರಿ ಬಿಚ್ಚಿ ನೋಡಿದರೆ ಒಳಗೆ ಗೊಬ್ಬರದ ಗುಂಡಿ. ಕಾರು ನಿಲ್ಲಿಸುವುದು ಸಿಲ್ವರ್ ಓಕ್ ಮರದ ಕೆಳಗೆ. ಅದರ ಎಲೆ ಬಿದ್ದು, ಕೊಳೆತು, ನೀರು ಹೋಗುವ ತೂತನ್ನೇ ಮುಚ್ಚಿತ್ತು. ತುಂಬಿದ ನೀರು ಬ್ಲೋವರ್ ದಾರಿಯಲ್ಲಿ ಒಳಗೆ ಇಳಿಯುತ್ತಿತ್ತು. ಎರಡು ಬೊಗಸೆ ಎಲೆ ತೆಗೆದೆ, ಅಷ್ಟೇ. ಖರ್ಚು ಸೊನ್ನೆ. ಆವತ್ತಿನಿಂದ ನನಗೆ ಈ ಹುಚ್ಚು ಹಿಡಿಯಿತು ಅಂತ ಹೆಂಡತಿ ಹೇಳುತ್ತಾಳೆ, ಸುಳ್ಳಲ್ಲ.

ಆದರೆ ಅಷ್ಟರಲ್ಲಿ ಮ್ಯಾಟಿನ ಕೆಳಗೆ ತುಕ್ಕು ಶುರುವಾಗಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಕಪ್ಪು ಪೇಂಟ್ ಬಳಿದೆ. ಈಗ ಪ್ರತಿ ಮೇ ತಿಂಗಳಲ್ಲಿ ಸೀಟು, ಮ್ಯಾಟು ಎಲ್ಲ ಹೊರಗೆ ತೆಗೆದು ಎರಡು ದಿನ ಬಿಸಿಲಿಗೆ ಹಾಕುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಒಮ್ಮೆ ಒದ್ದೆಯಾದ ಮ್ಯಾಟು ಒಣಗುವ ಮಾತೇ ಇಲ್ಲ. ಇನ್ನೊಂದು: ಮಳೆಗಾಲದಲ್ಲಿ ಮೂರ್ನಾಲ್ಕು ದಿನ ಕಾರು ನಿಲ್ಲಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಬ್ರೇಕ್ ಲೈನರ್ ಡ್ರಮ್ಮಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ತಿರುಗುವುದೇ ಇಲ್ಲ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಇನ್ನು ಹೆಡ್‌ಲೈಟ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ರಾತ್ರಿ ಚಾರ್ಮಾಡಿ ಇಳಿಯುವಾಗ ಒಮ್ಮೆ ಮಂಜು ಕವಿದುಕೊಂಡಿತು. ನನ್ನ ದೀಪ ಹತ್ತಿದೆಯೋ ಇಲ್ಲವೋ ಅಂತಲೇ ಅನುಮಾನ. ಮುಂದೆ ಹೋಗುತ್ತಿದ್ದ ಬೈಕಿನ ಕೆಂಪು ದೀಪ ನೋಡಿಕೊಂಡು ಇಳಿದೆ. ಬಂದವನೇ ಬಿಳಿ ಎಲ್‌ಇಡಿ ಬಲ್ಬು ತರಿಸಿದೆ. ಮನೆ ಗೋಡೆಯ ಮೇಲೆ ಹಗಲಿನ ಹಾಗೆ ಬೆಳಕು! ಮಂಜಿನಲ್ಲಿ ಮಾತ್ರ ಕಣ್ಣೆದುರು ಬಿಳಿ ಪಂಚೆ ಕಟ್ಟಿದ ಹಾಗೆ. ಎದುರಿನಿಂದ ಬರುವವರೆಲ್ಲ ಡಿಮ್ ಡಿಪ್ ಹೊಡೆದು ಬೈಯುತ್ತಿದ್ದರು. ತಪ್ಪು ಅವರದ್ದಲ್ಲ. ಹ್ಯಾಲೋಜೆನ್ ತಂತಿಗೆ ಅಂತ ಮಾಡಿದ ರಿಫ್ಲೆಕ್ಟರ್‌ಗೆ ಎಲ್‌ಇಡಿ ತುರುಕಿದರೆ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಮೂರೇ ವಾರಕ್ಕೆ ಕಿತ್ತೆ.

ಆಮೇಲೆ ವೋಲ್ಟ್, ಕರೆಂಟ್ ಅಳೆಯುವ 450 ರೂಪಾಯಿಯ ಒಂದು ಮಲ್ಟಿಮೀಟರ್ ತಂದೆ. ಈ ಹನ್ನೊಂದು ವರ್ಷದಲ್ಲಿ ಕೊಂಡ ವಸ್ತುಗಳಲ್ಲಿ ಅದೇ ಶ್ರೇಷ್ಠ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್, ಹತ್ತಿದ ಬಲ್ಬಿನ ಹತ್ತಿರ 11.6. ನಡುವಿನದೆಲ್ಲ ಹಳೆಯ ವೈರು, ಸ್ವಿಚ್ಚು, ಕಿಲುಬು ಹಿಡಿದ ಕನೆಕ್ಟರ್ ತಿಂದು ಹಾಕಿದ್ದವು. ಹ್ಯಾಲೋಜೆನ್ ಬಲ್ಬಿಗೆ ವೋಲ್ಟೇಜ್ ಶೇ 10 ಇಳಿದರೆ ಬೆಳಕು ಹೆಚ್ಚುಕಡಿಮೆ ಶೇ 30 ಇಳಿಯುತ್ತದೆ. ಇಲ್ಲಿ ಇಳಿದಿದ್ದು ಅದಕ್ಕಿಂತಲೂ ಜಾಸ್ತಿ. ಅಂದ್ರೆ ಬಲ್ಬು ಬದಲಾಯಿಸಿ ಏನು ಪ್ರಯೋಜನ?

1,100 ರೂಪಾಯಿಗೆ ಒಂದು ರಿಲೇ ಕಿಟ್ ಸಿಕ್ಕಿತು. ರಿಲೇ ಅಂದ್ರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರು ನೇರ ಬಲ್ಬಿಗೆ. ಹಳೆಯ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವಷ್ಟೇ ಕೆಲಸ. ಕಾರಿನ ಒಂದು ವೈರನ್ನೂ ಕತ್ತರಿಸಬೇಕಿಲ್ಲ, ಹಳೆಯ ಸಾಕೆಟ್ ಕಿಟ್ಟಿಗೆ ಹಾಗೇ ಕೂರುತ್ತದೆ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ. ನನಗೆ ಮೂರು ಗಂಟೆ ಹಿಡಿಯಿತು, ಅದರಲ್ಲಿ ಒಂದು ಗಂಟೆ ಕೆಳಗೆ ಬಿದ್ದ ನಟ್ಟು ಹುಡುಕಿದ್ದು. ಈಗ ಬಲ್ಬಿನಲ್ಲಿ 13.4 ವೋಲ್ಟ್ ತೋರಿಸುತ್ತದೆ. ಬಲ್ಬು ಅದೇ ಮಾಮೂಲಿ 60/55 ವಾಟ್ (ಹೈಬೀಮ್ 60, ಲೋಬೀಮ್ 55). 100/90 ಹಾಕಿ ಅಂತ ಹೇಳುವವರು ಸಿಗುತ್ತಾರೆ, ಕೇಳಬೇಡಿ. ರಿಫ್ಲೆಕ್ಟರ್ ಕಾದು ಹಾಳಾಗುತ್ತದೆ, ಎದುರಿನವರ ಕಣ್ಣೂ ಹೋಗುತ್ತದೆ.

ಐದು ವರ್ಷ ಆಯಿತು, ರಿಲೇ ಗಟ್ಟಿ ಇವೆ. ಕಿಟ್ಟಿನ ಕೊರತೆ ಒಂದೇ, ಫ್ಯೂಸ್ ಹೋಲ್ಡರಿಗೆ ಮುಚ್ಚಳ ಇರಲಿಲ್ಲ. ಎರಡನೇ ಮಳೆಗಾಲಕ್ಕೆ ಹಸಿರು ಕಿಲುಬು ಕಟ್ಟಿ ಒಂದು ರಾತ್ರಿ ದೀಪವೇ ಹೋಯಿತು, ಪುಣ್ಯಕ್ಕೆ ಮನೆ ಗೇಟಿನ ಹತ್ತಿರ. ನೀರು ಹೋಗದ ಹೋಲ್ಡರ್ ಹಾಕಿ ಗ್ರೀಸ್ ಸವರಿದ ಮೇಲೆ ತೊಂದರೆ ಇಲ್ಲ. ನೀವು ತರುವಾಗಲೇ ಇದನ್ನು ನೋಡಿ ತನ್ನಿ.

ಆಯಿಲ್ 5,000 ಕಿಲೋಮೀಟರಿಗೆ ಒಮ್ಮೆ ನಾನೇ ಬದಲಾಯಿಸುತ್ತೇನೆ. ಮೂರು ಲೀಟರ್ ಡಬ್ಬಿ ಬೇಕಾದಷ್ಟಾಯಿತು. ಇದರಲ್ಲಿ ಎರಡು ಪೆಟ್ಟು ತಿಂದಿದ್ದೇನೆ. ಒಮ್ಮೆ ಆಯಿಲ್ ಇಳಿಸುವ ಕೆಳಗಿನ ಬೋಲ್ಟನ್ನು ಭೀಮನ ಹಾಗೆ ಬಿಗಿದು ಥ್ರೆಡ್ ಹೋಯಿತು. ಸ್ಪ್ಯಾನರಿಗೆ ಅಂಗೈ ಬಲ ಸಾಕು, ಮೈಭಾರ ಹಾಕುವಂತಿಲ್ಲ. ಇನ್ನೊಮ್ಮೆ ಕಾಫಿ ಕಣದಲ್ಲೇ ಕೆಲಸ ಮಾಡಿ ಒಂದು ತಟ್ಟೆಯಷ್ಟು ಕರಿ ಆಯಿಲ್ ಚೆಲ್ಲಿದೆ. ಅಕ್ಟೋಬರ್ ತಿಂಗಳು, ಇನ್ನೇನು ಹಣ್ಣು ಕೊಯ್ಲು ಶುರುವಾಗಬೇಕು. ಅಪ್ಪ ಬೈಯಲಿಲ್ಲ. ಸುಮ್ನೆ ಸೋಪಿನ ಪುಡಿ, ಬ್ರಷ್ಷು ತಂದು ನನ್ನ ಪಕ್ಕ ಇಟ್ಟು ಹೋದರು. ಬೈದಿದ್ದರೇ ಚೆನ್ನಾಗಿತ್ತು. ಆ ಜಾಗದ ಮೇಲೆ ಎರಡು ವರ್ಷ ಟಾರ್ಪಾಲು ಹಾಸಿಯೇ ಕಾಫಿ ಒಣಗಿಸಿದೆವು. ಹಳೆ ಆಯಿಲನ್ನು ಈಗ ಕ್ಯಾನಿನಲ್ಲಿ ತುಂಬಿ ಗ್ಯಾರೇಜಿನ ಬ್ಯಾರೆಲ್ಲಿಗೆ ಹಾಕಿ ಬರುತ್ತೇನೆ.

ಬ್ರೇಕ್, ಟೈಮಿಂಗ್ ಬೆಲ್ಟ್, ಸ್ಟೀರಿಂಗ್ ನಾನು ಮುಟ್ಟುವುದಿಲ್ಲ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕುವುದೂ ಇಲ್ಲ, ಸ್ಟ್ಯಾಂಡ್ ಕೊಟ್ಟ ಮೇಲೆಯೇ. ಶೇ 20 ಎಥನಾಲ್ ಪೆಟ್ರೋಲ್ ಬಂದ ಮೇಲೆ ಹಳೆಯ ರಬ್ಬರ್ ಪೈಪುಗಳ ಮೇಲೆ ಭರವಸೆ ಹೋಗಿ ಮೆಕ್ಯಾನಿಕ್ ಹತ್ತಿರ ಹೊಸದು ಹಾಕಿಸಿದೆ. ತೆಗೆದ ಹಳೆಯ ಪೈಪು ಬಗ್ಗಿಸಿದರೆ ಬಿರುಕು ಬಿಡುತ್ತಿತ್ತು.

ದಂಡ ಆದದ್ದು ಅಂದರೆ ರಿಮೋಟ್ ಸೆಂಟ್ರಲ್ ಲಾಕ್. ನಾಲ್ಕು ದಿನ ನಿಂತರೆ ಬ್ಯಾಟರಿಯನ್ನು ಪೂರ್ತಿ ಕುಡಿದು ಹಾಕುತ್ತಿತ್ತು. ಕಳ್ಳನನ್ನು ಹಿಡಿದಿದ್ದು ಅದೇ ಮಲ್ಟಿಮೀಟರ್. ಇಲಿಗೆ ಅಂತ ಬಾನೆಟ್ ಒಳಗೆ ಹೊಗೆಸೊಪ್ಪು ಕಟ್ಟಿದ್ದೂ ದಂಡ, ಇಲಿ ವೈರು ಕಡಿದು ಸೊಪ್ಪಿನ ಪಕ್ಕದಲ್ಲೇ ಗೂಡು ಮಾಡಿತ್ತು.

ಮಾರಿದರೆ ಈಗ ಇದಕ್ಕೆ ಏನೂ ಬರುವುದಿಲ್ಲ. 2019ರಲ್ಲಿ 15 ವರ್ಷ ತುಂಬಿದಾಗ ಆರ್‌ಸಿ ನವೀಕರಣದ ಶುಲ್ಕ 600 ರೂಪಾಯಿ, 2024ರಲ್ಲಿ 5,000. ಈಗ 20 ವರ್ಷ ದಾಟಿದ ಕಾರಿಗೆ 10,000 ಮಾಡಿದ್ದಾರೆ, ನನ್ನ ಸರದಿ 2029ಕ್ಕೆ. "ಕಾರಿನ ಬೆಲೆಗಿಂತ ಕಾಗದದ ಬೆಲೆ ಜಾಸ್ತಿ ಆಯ್ತಲ್ಲೋ" ಅಂತ ಭಾವ ಈಗಲೂ ಬಿಡುವುದಿಲ್ಲ. ಆದರೆ ಅವರ ದೊಡ್ಡ ಕಾರಿನ ಕಾಲಬುಡದಲ್ಲಿ ಕಳೆದ ಜುಲೈನಲ್ಲಿ ನೀರು ನಿಂತಾಗ ಫೋನು ಬಂದಿದ್ದು ನನಗೇ. ಮಗಳನ್ನೂ ಟಾರ್ಚನ್ನೂ ಕರೆದುಕೊಂಡು ಹೋಗಿದ್ದೆ.