ದುಡ್ಡು ಕೊಟ್ಟು ಮಾಡಿಫೈಡ್ ಕಾರ್ ಶೋಗೆ ಹೋಗಬೇಕಾ, ಬಿಡದಿಯ ತಟ್ಟೆ ಇಡ್ಲಿ ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇಡ್ಲಿಗೆ, ಅಂದರೆ ಬಿಡದಿಯ ಹೋಟೆಲ್ ಮುಂದೆ ನಮ್ಮಂಥ ಕಾರು ಹುಚ್ಚಿನವರು ತಿಂಗಳಿಗೊಮ್ಮೆ ಸುಮ್ನೆ ಸೇರುವುದಕ್ಕೆ. ಹೋದ ತಿಂಗಳು ನನ್ನ 2002ರ ಹೋಂಡಾ ಸಿಟಿ ವಿಟೆಕ್ ಅನ್ನು ಒಂದು ದೊಡ್ಡ ಮಾಡಿಫೈಡ್ ಕಾರ್ ಶೋನಲ್ಲಿ ಫೀಸು ಕಟ್ಟಿ ನಿಲ್ಲಿಸಿದ್ದೆ. ರಾತ್ರಿ ಒಂಬತ್ತಕ್ಕೆ ಬ್ಯಾಟರಿ ಸತ್ತು, ಯಾರದ್ದೋ ಥಾರ್ ಜೀಪಿನ ಬ್ಯಾಟರಿಯಿಂದ ಜಂಪರ್ ಕೇಬಲ್ ಸಿಕ್ಕಿಸಿಕೊಂಡು, ಸ್ಟಾರ್ಟ್ ಮಾಡಿ ಮನೆಗೆ ಬಂದೆ. ಆದ್ದರಿಂದ ಈ ಹೋಲಿಕೆಯಲ್ಲಿ ನ್ಯಾಯ ಹುಡುಕಬೇಡಿ.

ವಿಟೆಕ್ ಅಂದರೆ ಹಳೇ ಹೋಂಡಾ ಸಿಟಿಯ ಜೋರು ಎಂಜಿನ್ನಿನ ಮಾದರಿ, ಗೊತ್ತಿರುವವರಿಗೆ ಗೊತ್ತು. 1.5 ಲೀಟರ್, 106 ಹಾರ್ಸ್‌ಪವರ್. 2003ರ ಕೊನೆಗೆ ಅದರ ಜಾಗಕ್ಕೆ ಬಂದ, ಡಾಲ್ಫಿನ್ ಅನ್ನುವ ಅಡ್ಡಹೆಸರಿನ ಹೊಸ ಸಿಟಿಯಲ್ಲಿ ಇದ್ದದ್ದು 77. ಎಲ್ಲರೂ ಮೊದಲು ಮೈಲೇಜ್ ಕೇಳುವ ಊರಿನಲ್ಲಿ ಅದು ಸರಿಯೇ ಇರಬಹುದು. ಆದರೆ ಅವತ್ತಿನಿಂದ ಹಳೇ ವಿಟೆಕ್ ಇಟ್ಟುಕೊಂಡವರು ಅದನ್ನು ಮಾರುವುದೂ ಇಲ್ಲ, ಸುಮ್ನೆ ಬಿಡುವುದೂ ಇಲ್ಲ. ನಾನೂ ಬಿಟ್ಟಿಲ್ಲ. 15 ಇಂಚಿನ ಅಲಾಯ್ ಹಾಕಿಸಿದ್ದೇನೆ, ಸೀಟು ಬದಲಾಯಿಸಿದ್ದೇನೆ. ಒಂದು ಜೋರು ಸದ್ದಿನ ಫ್ರೀ ಫ್ಲೋ ಎಕ್ಸಾಸ್ಟ್ ಹಾಕಿಸಿ, ಅಪಾರ್ಟ್‌ಮೆಂಟಿನವರ ಮುಖ ನೋಡಲಾಗದೆ ಮೂರೇ ತಿಂಗಳಿಗೆ ತೆಗೆಸಿದ್ದೇನೆ. ಮುಂದಿನ ಖರ್ಚು ಸಸ್ಪೆನ್ಷನ್ ಅಂತ ಲೆಕ್ಕ ಹಾಕಿದ್ದೆ. ಕಾರು ಕೆಳಗಿಳಿಸಲು ಬರೀ ಗಿಡ್ಡ ಲೋವರಿಂಗ್ ಸ್ಪ್ರಿಂಗ್ ಸಾಕಾ, ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ, ಅಂದರೆ ಕಾಯಿಲೋವರೇ ಬೇಕಾ? ನಮ್ಮ ಹಂಪುಗಳ ಮೇಲೆ ಒಂದೆರಡು ವರ್ಷ ಓಡಿಸಿದವರನ್ನೇ ಕೇಳಬೇಕಿತ್ತು. ಶೋಗೆ ಹೋಗಲು ಅದೇ ನೆಪ.

ಶೋ ಬಗ್ಗೆ ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಕಣ್ಣಿಗೆ ಹಬ್ಬ. ಕೆಎಲ್ ನಂಬರಿನ ಕಾರುಗಳದ್ದೇ ಒಂದು ಸಾಲು ಇತ್ತು, ಗಾಳಿ ತುಂಬಿ ಕಾರನ್ನು ಏರಿಸಿ ಇಳಿಸುವ ಏರ್ ಸಸ್ಪೆನ್ಷನ್ ಹಾಕಿಸಿ ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಪೋಲೊ ಒಂದು, ಜಿಪ್ಸಿ ಒಂದು, ಬಾನೆಟ್ ಒಳಗೆ ಊಟ ಮಾಡಬಹುದಾದಷ್ಟು ಫಳಫಳ ಅನ್ನುವ ಹಳೇ ಎಸ್ಟೀಮ್ ಒಂದು. ಮಗಳು ಆ ಪೋಲೊ ಏಳುವುದು ಕೂರುವುದು ನೋಡಿ ನೋಡಿ ನಕ್ಕಳು, ಒಂಟೆ ಥರ ಇದೆ ಅಪ್ಪಾ ಅಂದಳು. ಅವಳ ಟಿಕೆಟ್ಟಿನ 499 ರೂಪಾಯಿ ಅಲ್ಲಿಗೇ ವಸೂಲಾಯಿತು.

ಈಗ ನನ್ನ ಗೋಳು. ಡಿಸ್‌ಪ್ಲೇಗೆ ಇಡುವ ಕಾರುಗಳು ಬೆಳಿಗ್ಗೆ ಆರಕ್ಕೆ ಒಳಗಿರಬೇಕು, ರಾತ್ರಿ ಎಂಟರವರೆಗೆ ಹೊರಗೆ ಬರುವಂತಿಲ್ಲ. ಇದು ಫಾರ್ಮಿನಲ್ಲೇ ಇತ್ತು, ಓದಿದ್ದೆ, ಸಹಿಯನ್ನೂ ಹಾಕಿದ್ದೆ. ಓದುವುದು ಬೇರೆ, ಹದಿನಾಲ್ಕು ಗಂಟೆ ಬಿಸಿಲಲ್ಲಿ ಅನುಭವಿಸುವುದು ಬೇರೆ ಅಲ್ವಾ? ಒಳಗೆ ಎಂಜಿನ್ ಸ್ಟಾರ್ಟ್ ಮಾಡುವ ಹಾಗೂ ಇಲ್ಲ. ಜನ ಓಡಾಡುವ ಜಾಗ, ಒಪ್ಪಿದೆ. ಮಧ್ಯಾಹ್ನ ಎರಡಕ್ಕೆಲ್ಲ ಮಗಳಿಗೆ ಸಾಕಾಯಿತು, ಕಾರಿನೊಳಗೆ ಕೂರೋಣ ಅಂದರೆ ಅದು ಬಾಣಲೆ. ಕಡೆಗೆ ಹೆಂಡತಿ ಅವಳನ್ನು ಆಟೋದಲ್ಲಿ ಮನೆಗೆ ಕರೆದುಕೊಂಡು ಹೋದಳು. ಮನೆಯಲ್ಲಿರುವ ಒಂದೇ ಕಾರು ತೋರಿಕೆಗೆ ನಿಂತಿದೆ, ಮನೆಯವರು ಆಟೋಗೆ 420 ರೂಪಾಯಿ ಕೊಡುತ್ತಿದ್ದಾರೆ. ಈ ಮಾತನ್ನು ನಾನು ಇನ್ನೂ ಎಷ್ಟು ವರ್ಷ ಕೇಳಬೇಕೋ.

ನಾಲ್ಕು ಗಂಟೆಗೆ ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡ ಹುಡುಗನೊಬ್ಬ ಬಂದು, ವಿಡಿಯೋ ತೆಗೆಯುತ್ತಾರೆ, ಎಲ್ಲರೂ ಹೆಡ್‌ಲೈಟ್ ಹಾಕಿ ಅಂದ. ಹತ್ತೇ ನಿಮಿಷ ಅಂದ. ಕಾಲು ಗಂಟೆ ಆದ ಮೇಲೆ ಆಫ್ ಮಾಡಲು ಹೋದರೆ, "ಆನ್ ಇರ್ಲಿ ಸಾರ್, ಈಗ ಬಂದ್ರು" ಅಂದ. ನಾನು ಪೆದ್ದ, ಹಾಗೇ ಬಿಟ್ಟು ಬಿರಿಯಾನಿ ಸಾಲಿನಲ್ಲಿ ನಿಂತೆ. ಸಾಲು ಎಂಥದ್ದು ಅಂತೀರಿ, ಪ್ಲೇಟು ಕೈಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ. ನನ್ನದು ಹಳೇ ಹ್ಯಾಲೊಜೆನ್ ಲೈಟು, ಎರಡು ಬಲ್ಬಿಗೆ 110 ವ್ಯಾಟ್. 12 ವೋಲ್ಟ್ ಬ್ಯಾಟರಿಯಿಂದ ಹೆಚ್ಚುಕಮ್ಮಿ ಒಂಬತ್ತು ಆಂಪಿಯರ್ ಹೀರುತ್ತದೆ, ಪಾರ್ಕಿಂಗ್ ಲೈಟು, ಸ್ಟೀರಿಯೋ ಬೇರೆ. 35 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ ಮೂರೂವರೆ ಗಂಟೆ ಬಾಳಬೇಕು. ಆದರೆ ನನ್ನದಕ್ಕೆ ಮೂರು ವರ್ಷ ತುಂಬಿದೆ. ಲೈಟು ಮಿಣುಕ್ ಅನ್ನುತ್ತಿದ್ದರೂ ಸ್ಟಾರ್ಟರ್ ತಿರುಗಿಸುವ ತಾಕತ್ತು ಯಾವಾಗಲೋ ಹೋಗಿರುತ್ತದೆ.

ಎಂಟೂಕಾಲಿಗೆ ಗೇಟು ತೆಗೆದರು. ಕೀ ತಿರುಗಿಸಿದೆ. ಟಿಕ್ ಟಿಕ್ ಟಿಕ್. ನನ್ನ ಹಿಂದೆ ನಲವತ್ತು ಕಾರು, ಎಲ್ಲರಿಗೂ ಮನೆಗೆ ಹೋಗುವ ಅವಸರ, ಹಾರ್ನು ಬೇರೆ. ಸಿಬ್ಬಂದಿಯ ಹತ್ತಿರ ಒಂದು ಜಂಪರ್ ಕೇಬಲ್ ಇರಲಿಲ್ಲ. ಮುನ್ನೂರು ಕಾರು ಕೂಡಿಸಿ, ಎಲ್ಲದರ ಲೈಟು ಹಾಕಿಸಿ, ಒಂದು ಕೇಬಲ್ ಇಟ್ಟುಕೊಳ್ಳದವರು! ಕೊನೆಗೆ ಕಾಪಾಡಿದ್ದು ಶೋ ನೋಡಲು ಬಂದಿದ್ದ ಥಾರ್ ಹುಡುಗ. ಅವನ ಹೆಸರು ಕೇಳುವುದನ್ನೂ ಮರೆತೆ.

ಇಷ್ಟೆಲ್ಲ ಆದರೂ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಸುಮ್ಮನಿರುತ್ತಿದ್ದೆ. ಸಿಗಲಿಲ್ಲ. ಚೆನ್ನಾಗಿರುವ ಕಾರಿನ ಮುಂದೆಲ್ಲ ಒಂದು ಬೋರ್ಡು, ಅದರಲ್ಲಿ ಪಾರ್ಟುಗಳ ಪಟ್ಟಿ, ಇನ್‌ಸ್ಟಾಗ್ರಾಂ ಹೆಸರು. ಮಾಲೀಕರು ಎಲ್ಲೋ ನೆರಳಲ್ಲಿ. ಸಿಕ್ಕಿದ ಒಬ್ಬರು "ಸೂಪರ್ ಆಗಿದೆ ಬ್ರೋ, ಏನೂ ಪ್ರಾಬ್ಲಂ ಇಲ್ಲ" ಅಂದರು. ಆಮೇಲೆ ನೋಡಿದರೆ ಅವರ ಕಾರು ಬಂದದ್ದು ಹೋದದ್ದು ಎರಡೂ ಕಾರು ಹೊತ್ತೊಯ್ಯುವ ಫ್ಲಾಟ್‌ಬೆಡ್ ಲಾರಿ ಮೇಲೆ. ಏನು ಪ್ರಾಬ್ಲಂ ಬಂದೀತು ಹೇಳಿ?

ಫ್ಲಾಟ್‌ಬೆಡ್‌ಗೆ ಇನ್ನೊಂದು ಕಾರಣವೂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಒಂದು ಕಾರಿಗಲ್ಲ, ಒಂದೊಂದು ಬದಲಾವಣೆಗೆ! ಮೈದಾನದ ಒಳಗೆ ಚಪ್ಪಾಳೆ, ಗೇಟಿನ ಹೊರಗೆ ರಸೀದಿ.

ಬಿಡದಿ ಕಥೆ ಚಿಕ್ಕದು. ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ ಆರೂವರೆಗೆ ಎಂಟು ಹತ್ತು ಕಾರು. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮೈಸೂರಿಗೆ ಹೋಗುವವರು ಬಿಡದಿಯನ್ನು ಪಕ್ಕಕ್ಕೆ ಬಿಟ್ಟು ಹಾರಿಬಿಡುತ್ತಾರೆ, ಹಳೇ ರಸ್ತೆಯ ಹೋಟೆಲ್ ಮುಂದೆ ಆ ಹೊತ್ತಿನಲ್ಲಿ ಜಾಗ ಬೇಕಾದಷ್ಟು. ಟಿಕೆಟ್ ಇಲ್ಲ, ಬ್ಯಾಡ್ಜ್ ಇಲ್ಲ, ಬೇಜಾರಾದರೆ ಎದ್ದು ಬರಬಹುದು. ಬಂದ ಕಾರುಗಳೆಲ್ಲ ಓಡಿಸಿಕೊಂಡೇ ಬಂದಿರುತ್ತವೆ, ಅದು ಮುಖ್ಯ.

ಶೋ ಆದ ಮುಂದಿನ ಭಾನುವಾರ ಅಲ್ಲೇ ನನ್ನ ಪ್ರಶ್ನೆ ಎತ್ತಿದೆ. ಹಳೇ ಬಲೆನೊ ಇಟ್ಟುಕೊಂಡಿರುವ ಒಬ್ಬರು ಏನೂ ಮಾತಾಡಲಿಲ್ಲ. ಚಟ್ನಿ ಕೈ ತೊಳೆದು ಬಂದರು, ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿದರು, ಮುಂದಿನ ಚಕ್ರದ ಒಳಗಡೆ ಕೈ ಹಾಕಿ ನೋಡು ಅಂದರು. ಟೈರಿನ ಹೊರಗಿನ ಅಂಚು ಹೊಚ್ಚ ಹೊಸದು. ಒಳಗಿನ ಅಂಚು ಬೋಳು. ಎರಡು ಬೆರಳಗಲ ನುಣ್ಣಗಾಗಿ, ಒಂದು ಕಡೆ ತಂತಿ ಬೆರಳಿಗೆ ಚುಚ್ಚಿತು. ಕಾರು ಕೆಳಗಿಳಿಸಿದಾಗ ಕ್ಯಾಂಬರ್, ಅಂದರೆ ಚಕ್ರದ ಓರೆ, ಒಳಕ್ಕೆ ವಾಲಿತ್ತು, ಅಲೈನ್‌ಮೆಂಟ್ ಸರಿ ಮಾಡಿಸದೆ ಓಡಿಸಿದರಂತೆ, 9,000 ಕಿಲೋಮೀಟರಿಗೆ ಎರಡು ಟೈರು ಹೋಯಿತು. ಅಷ್ಟೆಲ್ಲ ಹೇಳಿ ಇನ್ನೊಂದು ಕಾಫಿ ತರಿಸಿದರು. ಇಂಥ ಮಾತು ಯಾವ ಬೋರ್ಡಿನ ಮೇಲೆ ಬರೆದಿರುತ್ತದೆ?

ಬಿಡದಿಯ ಒಂದೇ ತೊಂದರೆ ಅಂದರೆ ಆಗಾಗ ಒಬ್ಬ ಬಂದು ಸುಮ್ನೆ ಆಕ್ಸಿಲರೇಟರ್ ಒತ್ತಿ ಪಟಪಟ ಅನ್ನಿಸುತ್ತಾನೆ. ಹೋಟೆಲಿನವರು ಮುಖ ಸಿಂಡರಿಸುತ್ತಾರೆ, ನಾವು ಬೈದು ಕಳಿಸುತ್ತೇವೆ.

ಮೂರನೆಯ ದಾರಿಯೊಂದಿದೆ, ಅದು ಈ ಎರಡಕ್ಕೂ ಸೇರದ ಜಾತಿ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ಚಿಕ್ಕಮಗಳೂರಿಗೆ ಬಂದಾಗ ರ‍್ಯಾಲಿ ಕಾರುಗಳನ್ನು ರಿಪೇರಿ ಮಾಡುವ ಜಾಗ, ಅಂದರೆ ಸರ್ವೀಸ್ ಪಾರ್ಕಿನಲ್ಲಿ ಹೋಗಿ ನಿಲ್ಲುವುದು. ಹೋದ ವರ್ಷ ಹೋಗಿದ್ದೆ, ನನ್ನನ್ನು ಯಾರೂ ಟಿಕೆಟ್ ಕೇಳಲಿಲ್ಲ. ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಓಡಿ, ಕೆಂಪು ಧೂಳು ಮೆತ್ತಿಕೊಂಡು ಬಂದ ಕಾರಿನ ಕೆಳಗೆ ನಾಲ್ಕು ಜನ ನುಗ್ಗುತ್ತಾರೆ. ಒಬ್ಬ ಗಡಿಯಾರ ನೋಡುತ್ತಾ ಕೂಗುತ್ತಿರುತ್ತಾನೆ. ಅಲ್ಲೊಂದು ನನ್ನದೇ ಥರದ ವಿಟೆಕ್ ಇತ್ತು. ಒಳಗೆ ಕಾರು ಮಗುಚಿದರೆ ಕಾಯುವ ಕಂಬಿಗಳ ರೋಲ್ ಕೇಜ್, ಕೆಳಗೆ ಎಂಜಿನ್ ಕಾಯುವ ದಪ್ಪ ಸಂಪ್ ಗಾರ್ಡ್, ಬಂಪರ್‌ಗೆ ಟೇಪು. ಮತ್ತೆ ನನ್ನದಕ್ಕಿಂತ ಎತ್ತರ! ಮಾಡಿಫೈ ಅಂದರೆ ಕೆಳಗಿಳಿಸುವುದು ಅಂತ ಯಾರು ಹೇಳಿದರು ನನಗೆ? ಒಂದೇ ಕಷ್ಟ, ಬೆಂಗಳೂರಿಂದ ಸುಮಾರು 245 ಕಿಲೋಮೀಟರ್, ರೂಮು ಬೇಕು, ವರ್ಷಕ್ಕೊಂದು ಸಲ.

ದುಡ್ಡಿನ ಲೆಕ್ಕ ಹೀಗಿದೆ. ಶೋಗೆ ಡಿಸ್‌ಪ್ಲೇ ಫೀಸು 2,000, ಎರಡು ಟಿಕೆಟ್ 998, ಪಾಲಿಶ್ 1,200, ಬಿರಿಯಾನಿ ಆಟೋ ಸೇರಿ ಹತ್ತಿರ ಹತ್ತಿರ ಐದು ಸಾವಿರ. ಆಮೇಲೆ ಹಾಕಿಸಿದ ಹೊಸ ಬ್ಯಾಟರಿ ಇದರಲ್ಲಿಲ್ಲ. ಬಿಡದಿಗೆ ಪೆಟ್ರೋಲು, ಇಡ್ಲಿ, ಎರಡು ಕಾಫಿ ಸೇರಿ 800 ದಾಟುವುದಿಲ್ಲ. ನಾನು ಸಂಬಳದವನು, ಕಾರು ಒಂದೇ, ಭಾನುವಾರ ಹತ್ತು ಗಂಟೆಗೆ ಮನೆಯಲ್ಲಿರಬೇಕು. ನಿಮಗೆ ವರ್ಕ್‌ಶಾಪ್ ಇದ್ದು ನಾಲ್ಕು ಜನಕ್ಕೆ ಕೆಲಸ ತೋರಿಸಬೇಕಿದ್ದರೆ ಶೋಗೆ ಖಂಡಿತ ಹೋಗಿ. ಫೋಟೋ ಹುಚ್ಚಿದ್ದರೂ ಹೋಗಿ. ಕಾರು ಮಾತ್ರ ಮನೆಯಲ್ಲೇ ಇರಲಿ.

ಸ್ಪ್ರಿಂಗ್ ಇನ್ನೂ ಕೊಂಡಿಲ್ಲ. ಒಂಟೆ ಕಾರು ಮತ್ತೆ ನೋಡಬೇಕು ಅಂತ ಮಗಳು ಕೇಳುತ್ತಿದ್ದಾಳೆ, ಮುಂದಿನ ಸಲ ಬಸ್ಸಿನಲ್ಲಿ ಹೋಗೋಣ ಅಂದಿದ್ದೇನೆ. ಮತ್ತೆ 600 ರೂಪಾಯಿ ಕೊಟ್ಟು ಒಂದು ಜಂಪರ್ ಕೇಬಲ್ ತಂದು ಡಿಕ್ಕಿಯಲ್ಲಿ ಹಾಕಿದ್ದೇನೆ, ಬಿಡದಿಯಲ್ಲಿ ಯಾರಿಗಾದರೂ ಬೇಕಾದರೆ ಕೇಳಿ.