ಪುಸ್ತಕ ಮುಚ್ಚಿಟ್ಟ ಮೇಲೆ ಏನು ಉಳೀತು? ಕೆಲವು ಕ್ರೈಸ್ತ ಭಕ್ತಿ ಪುಸ್ತಕಗಳ ರಿವ್ಯೂ

ಬೈಬಲ್ ಜೊತೆಗೆ ಇನ್ನೇನಾದ್ರೂ ಓದ್ಬೇಕು, ಯಾವ ಪುಸ್ತಕ ತಗೊಳ್ಲಿ ಅಂತ ಕೇಳೋರು ತುಂಬಾ ಜನ ಇದಾರೆ. ಹೇಳೋರೂ ಕಮ್ಮಿ ಇಲ್ಲ, ಆದ್ರೆ ಅದ್ರಲ್ಲಿ ಅರ್ಧ ಜನ ತಾವೇ ಓದಿರಲ್ಲ, ಹೆಸರು ದೊಡ್ಡದು ಅಂತ ಹೇಳ್ಬಿಡ್ತಾರೆ. ನಾನು ದೇವಶಾಸ್ತ್ರ ಕಲಿತೋಳಲ್ಲ, ಕೆಲಸ ಮನೆ ಮಧ್ಯೆ ಸಿಗೋ ಚೂರುಪಾರು ಹೊತ್ತಲ್ಲಿ ಓದೋಳು. ಹಾಗಾಗಿ ಪೂರ್ತಿ ಓದಿ, ಆಮೇಲೂ ಕೈಗೆತ್ಕೊಳ್ಳೋ ಪುಸ್ತಕಗಳ ಬಗ್ಗೆ ಮಾತ್ರ ಬರೀತಿದೀನಿ.

ನನ್ನ ಅಳತೆಗೋಲು ನಂದಲ್ಲ, ಜೆಸ್ವಿಟ್ ಸಭೆ ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರ್ದು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರ್ಕೊಂಡು ಮನೇಲಿ ಮಲಗಿದ್ರು, ಹೊತ್ತು ಹೋಗ್ಲಿ ಅಂತ ಶೂರ ಯೋಧರ ಕಥೆ ಪುಸ್ತಕ ಕೇಳಿದ್ರು, ಆ ಮನೇಲಿ ಅಂಥದ್ದು ಒಂದೂ ಇರ್ಲಿಲ್ಲ, ಸಿಕ್ಕಿದ್ದು ಕ್ರಿಸ್ತನ ಜೀವನಚರಿತ್ರೆ ಮತ್ತೆ ಸಂತರ ಕಥೆಗಳು. ಮಲಗಿದ್ದಲ್ಲೇ ಅವ್ರು ಒಂದು ವಿಷ್ಯ ಗಮನಿಸಿದ್ರು. ದೊಡ್ಡ ಮನೆತನದ ಹೆಂಗಸಿನ ಮುಂದೆ ಮೆರೆಯೋ ಕನಸು ಕಾಣೋವಾಗ ಖುಷಿ ಇರೋದು, ಕನಸು ಮುಗಿದ್ಮೇಲೆ ಮನಸ್ಸು ಒಣಗಿ ಹೋಗೋದು. ಸಂತರ ಥರ ಬರಿಗಾಲಲ್ಲಿ ಜೆರುಸಲೇಮಿಗೆ ಹೋಗ್ಬೇಕು ಅಂತ ಯೋಚಿಸೋವಾಗಲೂ ಖುಷಿ, ಆದ್ರೆ ಅದು ಯೋಚನೆ ನಿಂತ್ಮೇಲೂ ಹಾಗೇ ಉಳಿಯೋದು. ನಾನೂ ಪುಸ್ತಕಗಳನ್ನ ಹಾಗೇ ಅಳೀತೀನಿ. ಓದೋವಾಗ ಕಣ್ಣಲ್ಲಿ ನೀರು ಬಂತು, ಮೈ ಜುಂ ಅಂತು ಅನ್ನೋದು ನಂಗೆ ಲೆಕ್ಕಕ್ಕೇ ಇಲ್ಲ. ಒಂದು ಗಂಟೆ ಬಿಟ್ಟು ಮಕ್ಕಳ ಮೇಲೆ ರೇಗೋ ಟೈಮಲ್ಲಿ ಏನು ಉಳಿದಿದೆ, ಅದೇ ರಿವ್ಯೂ.

ಈ ಅಳತೇಲಿ ಮೊದಲು ಬಿದ್ದು ಹೋಗೋದು ಮುಖಪುಟದ ಮೇಲೆ ಸೂರ್ಯೋದಯ ಇರೋ, ನಿಮ್ಮ ಕನಸು ನನಸಾಗುತ್ತೆ ಅನ್ನೋ ಥರದ ಪುಸ್ತಕಗಳು. ಹೆಸರು ಹೇಳಲ್ಲ, ಎಲ್ಲರೂ ನೋಡಿರ್ತೀರ. ಇವನ್ನ ಅಂಗಡೀಲೇ ನಿಂತ್ಕೊಂಡು ಚೆಕ್ ಮಾಡೋಕೆ ಒಂದು ದಾರಿ ಇದೆ: ಯೆರೆಮೀಯ 29:11ನ್ನ ಹೇಗೆ ಬಳಸಿದಾರೆ ನೋಡಿ, ಯಾಕಂದ್ರೆ ಅದನ್ನ ಬಳಸೇ ಇರ್ತಾರೆ. ದೇವರು ನಮ್ಮ ಬಗ್ಗೆ ಒಳ್ಳೇ ಆಲೋಚನೆ ಇಟ್ಕೊಂಡಿದಾನೆ ಅನ್ನೋ ಆ ವಚನ ಬಾಬಿಲೋನಿಗೆ ಸೆರೆ ಹೋದೋರಿಗೆ ಬರೆದ ಪತ್ರದಲ್ಲಿರೋದು. ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಆಗ್ಬೇಕು ಅಂತಿದೆ, ಪತ್ರದ ಶುರುವಲ್ಲಿ ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಮಾಡ್ಕೊಳ್ಳಿ, ಆ ಊರಿಗೋಸ್ಕರ ಪ್ರಾರ್ಥನೆ ಮಾಡಿ ಅಂತಿದೆ. ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತೆ ಅಂತ ಹೇಳಿದವನು ಹಿಂದಿನ ಅಧ್ಯಾಯದ ಹನನ್ಯ, ಅವನು ಸುಳ್ಳು ಪ್ರವಾದಿ. ಈ ಪುಸ್ತಕಗಳು ಯೆರೆಮೀಯನ ವಚನ ಹಿಡ್ಕೊಂಡು ಹನನ್ಯನ ಸಂದೇಶ ಕೊಡ್ತವೆ, ನನ್ನ ತಕರಾರು ಅಷ್ಟೇ.

ದಿನಕ್ಕೊಂದು ಪುಟದ ಧ್ಯಾನ ಪುಸ್ತಕಗಳು ಬೇರೆ ಜಾತಿ. ಓಸ್ವಾಲ್ಡ್ ಚೇಂಬರ್ಸ್ ಅವರ ಹೆಸರಲ್ಲಿ 1927ರಲ್ಲಿ ಬಂದ ಮೈ ಅಟ್ಮೋಸ್ಟ್ ಫಾರ್ ಹಿಸ್ ಹೈಯೆಸ್ಟ್ ಅನ್ನೋ ಪುಸ್ತಕ ಇವುಗಳಲ್ಲಿ ತುಂಬಾ ಫೇಮಸ್. ಅದನ್ನ ಅವರು ಕೂತು ಬರೆದದ್ದಲ್ಲ, 1917ರಲ್ಲೇ ತೀರಿಕೊಂಡಿದ್ರು, ಅವರ ಪ್ರಸಂಗಗಳನ್ನ ಹೆಂಡತಿ ಶಾರ್ಟ್‌ಹ್ಯಾಂಡಲ್ಲಿ ಬರ್ಕೊಂಡಿದ್ರು, ಅದ್ರಿಂದ ಆರಿಸಿ ಜೋಡಿಸಿದ್ದು. ಇದು ಗೊತ್ತಿದ್ರೆ ಕೆಲವು ಪುಟಗಳು ಯಾಕೆ ಧುತ್ತಂತ ಶುರುವಾಗಿ ಧುತ್ತಂತ ನಿಲ್ತವೆ ಅನ್ನೋದು ಅರ್ಥ ಆಗುತ್ತೆ. ಮಾತು ಖಡಕ್, ಮುಲಾಜಿಲ್ಲ, ಅದು ನಂಗಿಷ್ಟ. ಈ ಥರದ ಪುಸ್ತಕಗಳಲ್ಲಿ ನಂಗೆ ಆಗದೇ ಇರೋದು ತಾರೀಖು, ನಾಲ್ಕು ದಿನ ತಪ್ಪಿದ್ರೆ ಸಾಲ ಬಾಕಿ ಇಟ್ಕೊಂಡ ಹಾಗೆ ಅನಿಸೋಕೆ ಶುರುವಾಗುತ್ತೆ, ತಾರೀಖು ನೋಡ್ದೆ ಎಲ್ಲಿ ನಿಲ್ಲಿಸಿದ್ರೋ ಅಲ್ಲಿಂದ ಓದಿ. ಮತ್ತೆ ಪುಟದ ಮೇಲಿರೋ ಒಂದು ಸಾಲು ವಚನಕ್ಕೆ ತೃಪ್ತಿ ಪಟ್ಕೋಬೇಡಿ, ಬೈಬಲ್ ತೆಗೆದು ಆ ಅಧ್ಯಾಯ ಓದ್ಬಿಡಿ, ಇಲ್ಲಾಂದ್ರೆ ವರ್ಷ ಪೂರ್ತಿ ವಚನ ಓದಿದ್ರೂ ಬೈಬಲ್ ಮಾತ್ರ ತೆರೆದೇ ಇರಲ್ಲ.

ಈಗ ನನ್ನ ಫೇವರಿಟ್. ಬ್ರದರ್ ಲಾರೆನ್ಸ್, ದೇವರ ಸಾನ್ನಿಧ್ಯದ ಅಭ್ಯಾಸದ ಬಗ್ಗೆ ಇರೋ ಪುಟ್ಟ ಪುಸ್ತಕ, ನಾಲ್ಕು ಸಂಭಾಷಣೆ, ಒಂದಷ್ಟು ಪತ್ರ, ಮುಗೀತು. ಮೊದಲು ಸೈನಿಕರಾಗಿದ್ದವರು, ಆಮೇಲೆ ಪ್ಯಾರಿಸ್‌ನಲ್ಲಿ ಕಾರ್ಮೆಲೈಟ್ ಅನ್ನೋ ಸನ್ಯಾಸಿಗಳ ಮಠ ಸೇರಿದ್ರು, ಫಾದರ್ ಆಗಿರ್ಲಿಲ್ಲ, ಅಡುಗೆಮನೆ ಕೆಲಸ ಮಾಡೋ ಬ್ರದರ್. ಅಡುಗೆಮನೆ ಅಂದ್ರೆ ಅವರಿಗೆ ಸ್ವಭಾವತಃ ಆಗ್ತಾನೇ ಇರ್ಲಿಲ್ಲ, ಇದನ್ನ ಮುಚ್ಚಿಡಲ್ಲ ಪುಸ್ತಕ. ಹದಿನೆಂಟನೇ ವಯಸ್ಸಲ್ಲಿ ಚಳಿಗಾಲದಲ್ಲಿ ಎಲೆಯೆಲ್ಲಾ ಉದುರಿದ ಒಂದು ಮರ ನೋಡಿ, ಇದು ಮತ್ತೆ ಚಿಗುರುತ್ತಲ್ಲಾ ಅಂತ ಹೊಳೆದಿದ್ದೇ ಅವರ ಮನಪರಿವರ್ತನೆ, ದರ್ಶನ ಗಿರ್ಶನ ಏನೂ ಇಲ್ಲ. ಇನ್ನೊಂದು ಕಡೆ ಮಠಕ್ಕೆ ದ್ರಾಕ್ಷಾರಸ ಕೊಳ್ಳೋಕೆ ಬರ್ಗಂಡಿಗೆ ಕಳಿಸ್ತಾರೆ, ವ್ಯಾಪಾರ ಗೊತ್ತಿಲ್ಲ, ಕಾಲು ಬೇರೆ ಕುಂಟು, ದೋಣೀಲಿ ಪೀಪಾಯಿಗಳ ಮೇಲೆ ಉರುಳ್ಕೊಂಡೇ ಆ ಕಡೆ ಈ ಕಡೆ ಹೋಗ್ಬೇಕು. ದೇವರೇ ಇದು ನಿನ್ನ ಕೆಲಸ ಅಂತ ಹೇಳಿ ಮಾಡ್ತಾರೆ, ಹೇಗೋ ಚೆನ್ನಾಗೇ ಆಗುತ್ತೆ. ಪೀಪಾಯಿ ಮೇಲೆ ಉರುಳೋ ಬ್ರದರ್ ಕೈಲಿ ಪ್ರಾರ್ಥನೆ ಪಾಠ ಹೇಳಿಸ್ಕೊಳ್ಳೋಕೆ ನಂಗೇನೂ ಬಿಗುಮಾನ ಇಲ್ಲಪ್ಪ.

ತಮಾಷೆ ಅಂದ್ರೆ ಪತ್ರದಲ್ಲಿ ಅವರೇ ಹೇಳ್ತಾರೆ, ದೇವರ ಹತ್ರ ಹೋಗೋಕೆ ಒಂದೊಂದು ಪುಸ್ತಕದಲ್ಲಿ ಒಂದೊಂದು ವಿಧಾನ ನೋಡಿ ಇದ್ರಿಂದ ಗೊಂದಲವೇ ಜಾಸ್ತಿ ಅನ್ಸ್ತು ಅಂತ. ಅಂಥವರ ಮಾತೇ ಕಡೆಗೆ ಪುಸ್ತಕ ಆಯ್ತು, ಅದೂ 1691ರಲ್ಲಿ ಅವರು ತೀರಿಕೊಂಡ ಮೇಲೆ, ಬೇರೆಯವರು ಸೇರಿಸಿದ್ದು. ಮೈನಸ್ ಇಲ್ವಾ ಅಂದ್ರೆ ಇದೆ, ಹೇಳಿದ್ದನ್ನೇ ಹೇಳ್ತಾರೆ, ಕೆಲವರಿಗೆ ಎರಡನೇ ಅರ್ಧ ಬೋರ್ ಹೊಡಿಬಹುದು. ಮತ್ತೆ ಎಲ್ಲಾ ಸಲೀಸು ಅನ್ನೋ ಹಾಗೆ ಕಾಣುತ್ತೆ, ಆದ್ರೆ ಮೊದಲ ಹತ್ತು ವರ್ಷ ತುಂಬಾ ಒದ್ದಾಡಿದೆ ಅಂತ ಅವರೇ ಬರೆದಿರೋ ಜಾಗ ಇದೆ, ಅದನ್ನ ಹಾರಿಸ್ಬೇಡಿ.

ಥಾಮಸ್ ಕೆಂಪಿಸ್ ಅವರ ಕ್ರಿಸ್ತನ ಅನುಕರಣೆ ಬಗ್ಗೆ ನಂಗೆ ಎರಡು ಮನಸ್ಸು. 15ನೇ ಶತಮಾನದ್ದು, ಸನ್ಯಾಸಿಗಳಿಗೋಸ್ಕರ ಬರೆದದ್ದು, ಅದು ಮರೀಬಾರ್ದು. ಒಳಗೆ ನಾಲ್ಕು ಭಾಗ ಇದೆ, ಒಂದೊಂದನ್ನೂ ಪುಸ್ತಕ ಅಂತಾನೇ ಕರೀತಾರೆ. ಜನರ ಮಧ್ಯೆ ಹೋಗಿ ಬಂದಾಗೆಲ್ಲ ಮನುಷ್ಯ ಕಮ್ಮಿಯಾಗಿ ವಾಪಸ್ ಬಂದೆ ಅನ್ನೋ ಮಾತು ಮಠದಲ್ಲಿರೋರಿಗೆ ಸರಿ, ಸಂಸಾರ ಆಫೀಸು ಇರೋರು ಎಲ್ಲಿಗೆ ಹೋಗೋದು? ಮೊದಲೇ ತನ್ನನ್ನ ತಾನು ಬೈಕೊಳ್ಳೋ ಸ್ವಭಾವ ಇರೋರು, ಮನಸ್ಸು ಕುಗ್ಗಿ ಹೋಗಿರೋರು ಇದ್ರಿಂದ ಶುರು ಮಾಡ್ಲೇಬೇಡಿ, ಮೊದಲ ಪುಸ್ತಕ ಇನ್ನೂ ಕುಗ್ಗಿಸುತ್ತೆ. ಮೂರನೇದು ಶಿಷ್ಯನಿಗೂ ಕ್ರಿಸ್ತನಿಗೂ ನಡೆಯೋ ಮಾತುಕತೆ, ಅಲ್ಲಿಂದ ಶುರು ಮಾಡಿದ್ರೆ ಬೇರೇನೇ ಪುಸ್ತಕ ಅನ್ಸುತ್ತೆ, ಅಲ್ಲಿ ಬೈಯೋದಕ್ಕಿಂತ ಸಮಾಧಾನ ಜಾಸ್ತಿ. ನಾಲ್ಕನೇದು ಪರಮಪ್ರಸಾದದ (ಹೋಲಿ ಕಮ್ಯುನಿಯನ್) ಬಗ್ಗೆ, ಕೆಲವು ಪ್ರೊಟೆಸ್ಟೆಂಟ್ ಆವೃತ್ತಿಗಳಲ್ಲಿ ಅದನ್ನ ಬಿಟ್ಟಿರ್ತಾರೆ, ಕೊಳ್ಳೋವಾಗ ವಿಷಯಸೂಚಿ ನೋಡ್ಕೊಳ್ಳಿ. ಯಾರು ಹೇಳಿದ್ರು ಅಂತ ಕೇಳ್ಬೇಡ, ಏನು ಹೇಳಿದಾರೆ ಅಂತ ನೋಡು ಅನ್ನೋ ಸಲಹೆ ಇದೆ ಇದ್ರಲ್ಲಿ, ಲೇಖಕರ ಫೋಟೋ ನೋಡಿ ಪುಸ್ತಕ ಕೊಳ್ಳೋ ಕಾಲಕ್ಕೆ ಸರಿಯಾಗಿದೆ.

ಬನ್ಯನ್ ಅವರ ಯಾತ್ರಿಕನ ಸಂಚಾರ, ಸ್ವರ್ಗದ ಊರಿಗೆ ಹೊರಟ ಒಬ್ಬ ಯಾತ್ರಿಕನ ಕಥೆ, ಮನೇಲಿ ಎಲ್ಲರಿಗೂ ಓದಿ ಹೇಳೋಕೆ ಸಕತ್, ಹೆಚ್ಚು ಹೇಳೋದೇನಿಲ್ಲ. ಸಂತ ಅಗಸ್ಟೀನರ ನಿವೇದನೆ (ಕನ್ಫೆಷನ್ಸ್) ಹದಿಮೂರು ಪುಸ್ತಕ, ಬಾಲ್ಯದಿಂದ ತಾಯಿ ಮೋನಿಕಾ ಸಾಯೋವರೆಗಿನ ಕಥೆ ಒಂಬತ್ತರಲ್ಲಿ ಮುಗಿಯುತ್ತೆ, ಆಮೇಲೆ ನೆನಪು, ಕಾಲ, ಆದಿಕಾಂಡ ಅಂತ ತಲೆ ಬಿಸಿ ಮಾಡೋ ವಿಚಾರಗಳು, ಒಂಬತ್ತಕ್ಕೆ ನಿಲ್ಲಿಸಿದ್ರೆ ಯಾರೂ ಕೇಳಲ್ಲ. ಇಡೀ ಪುಸ್ತಕ ದೇವರಿಗೇ ಹೇಳ್ತಿರೋ ಹಾಗೆ ಬರೆದಿರೋದು, ಹಾಗಾಗಿ ಜೋರಾಗಿ ಓದಿ ನೋಡಿ, ಬೇರೆ ಥರ ಕೇಳುತ್ತೆ.

ಪುಟ್ಟ ತೆರೇಸಾ (ಫ್ರಾನ್ಸಿನ ಲಿಸ್ಯೂ ಊರಿನ ಕಾರ್ಮೆಲೈಟ್ ಸಿಸ್ಟರ್, ಮದರ್ ತೆರೇಸಾ ಅಲ್ಲ) ಅವರ ಆತ್ಮಕಥೆಗೆ ಬಂದ್ರೆ, ಮೊದಲ ಅಧ್ಯಾಯಗಳ ಹೂವು, ಚಿಕ್ಕ ರಾಣಿ ಅನ್ನೋ ಭಾಷೆ ನಂಗೆ ಸ್ವಲ್ಪ ಅತಿ ಸಿಹಿ ಅನ್ಸ್ತು, ಬಿಟ್ಬಿಡೋಣ ಅನ್ನೋ ಹಾಗಾಗುತ್ತೆ, ತಾಳ್ಮೆ ಇರ್ಲಿ. ಕೊನೇ ಭಾಗದಲ್ಲಿ ಧ್ಯಾನಕ್ಕೆ ಕೂತಾಗ ಹಿಂದೆ ಒಬ್ಬ ಸಿಸ್ಟರ್ ಏನೋ ಕಿರಿಕಿರಿ ಸದ್ದು ಮಾಡ್ತಾನೇ ಇರ್ತಾರೆ. ತಿರುಗಿ ದುರುಗುಟ್ಟಿ ನೋಡ್ಬೇಕು ಅಂತ ಆಸೆ, ನೋಡಲ್ಲ, ತಡ್ಕೊಂಡು ತಡ್ಕೊಂಡು ಬೆವೆತು ಹೋಗ್ತಾರೆ, ಕಡೆಗೆ ಆ ಸದ್ದನ್ನೇ ಸಂಗೀತ ಕಚೇರಿ ಅನ್ಕೊಂಡು ಯೇಸುವಿಗೆ ಒಪ್ಪಿಸ್ತಾರೆ. ನಾನು ಹೇಳಿದ ಅಳತೇಲಿ ಈ ಅರ್ಧ ಪುಟ ಬಿಟ್ರೆ ಬೇರೆ ಬೇಡ, ಪಕ್ಕದಲ್ಲಿ ಯಾರೋ ಪೆನ್ ಟಿಕ್ ಟಿಕ್ ಅನ್ನಿಸಿದಾಗೆಲ್ಲ ನೆನಪಾಗುತ್ತೆ. ಕೊಳ್ಳೋವಾಗ ಒಂದು ವಿಷ್ಯ: 1897ರಲ್ಲಿ 24ನೇ ವಯಸ್ಸಿಗೆ ತೀರಿಕೊಂಡ್ರು, ಮರುವರ್ಷ ಬಂದ ಪುಸ್ತಕವನ್ನ ಅವರ ಅಕ್ಕ ತುಂಬಾ ತಿದ್ದಿದ್ರು, ತೆರೇಸಾ ಬರೆದ ಹಾಗೇ ಇರೋ ಮೂಲ ಪಠ್ಯ ಹೊರಗೆ ಬಂದಿದ್ದು 1956ರಲ್ಲಿ. ಆನ್‌ಲೈನಲ್ಲಿ ಫ್ರೀ ಆಗಿ ಸಿಗೋ ಹಳೇ ಅನುವಾದಗಳು ಹೆಚ್ಚಾಗಿ ತಿದ್ದಿದ ಪಠ್ಯದಿಂದ ಬಂದಿರೋವು, ಮುನ್ನುಡಿ ನೋಡಿ ತಗೊಳ್ಳಿ, ಇದೊಂದಕ್ಕೆ ದುಡ್ಡು ಕೊಟ್ರೂ ಪರವಾಗಿಲ್ಲ.

ಯಾವುದರಿಂದ ಶುರು ಮಾಡ್ಲಿ ಅಂದ್ರೆ ಲಾರೆನ್ಸ್, ಆಮೇಲೆ ತೆರೇಸಾ. ಒಂದು ಸಲಕ್ಕೆ ಒಂದೇ ಪುಸ್ತಕ, ಒಂದು ಕೂತಿಗೆ ಎರಡು ಮೂರು ಪುಟ ಸಾಕು, ಮನಸ್ಸು ಎಲ್ಲಿ ನಿಲ್ಲುತ್ತೋ ಅಲ್ಲೇ ನಿಲ್ಲಿಸಿ ಪ್ರಾರ್ಥನೆಗೆ ಹೋಗ್ಬಿಡಿ, ಅಧ್ಯಾಯ ಮುಗಿಸ್ಲೇಬೇಕು ಅಂತೇನಿಲ್ಲ. ಒಂದು ವಾರ ಓದಿದ್ರೂ ಏನೂ ಅನ್ನಿಸ್ತಿಲ್ಲ ಅಂದ್ರೆ ಎತ್ತಿಟ್ಟು ಬೇರೇದು ತಗೊಳ್ಳಿ, ಕೆಂಪಿಸ್ ಆರು ನೂರು ವರ್ಷದಿಂದ ಕಾದಿದಾರೆ, ಇನ್ನೊಂದು ವರ್ಷ ಕಾಯೋದೇನೂ ಕಷ್ಟ ಇಲ್ಲ ಅವರಿಗೆ.